ಲೆಬನಾನ್ ದೇವದಾರುವಿನ ಗರಗಸ ನೊಣ

ಲೆಬನಾನ್ ದೇವದಾರುವಿನ ಗರಗಸ ನೊಣವು ಲೆಬನಾನ್ ದೇಶದ ಉತ್ತರ ಭಾಗದ ಮಲೆಗಳಲ್ಲಿ ಅಳಿದುಳಿದ ದೇವದಾರು ಕಾಡುಗಳ ಎಳೆಯ ಎಲೆಗಳನ್ನು ತಿಂದು ಬದುಕುವ ಕೀಟ. ಶಾಸ್ತ್ರೀಯ ಹೆಸರು ಸೆಫಾಲ್ಸಿಯ ತನ್ನೂರಿನೆನ್ಸಿಸ್. ಜೇನು, ಇರುವೆ, ಕಣಜಗಳಿರುವ ಹೈಮೆನಾಪ್ಟೆರ ಗಣದ ಪ್ಯಾಂಫಿಲಿಯಿಡೆ ಕುಟುಂಬಕ್ಕೆ ಸೇರಿದೆ. 1990ರ ದಶಕದ ಕೊನೆಯಲ್ಲಿ ತನ್ನೂರೀನ್ ಕಾಡಿನಲ್ಲಿ ಇದರ ಹಾವಳಿ ಕಾಣಿಸಿಕೊಂಡಾಗ ವಿಜ್ಞಾನಕ್ಕೆ ಈ ಪ್ರಭೇದ ಗೊತ್ತಿರಲಿಲ್ಲ. 2002ರಲ್ಲಿ ಫ್ರಾನ್ಸಿನ ಕೀಟವಿಜ್ಞಾನಿ ಆನ್ರಿ ಶೆವಾಂ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಸಿಕ್ಕಿದ ಊರಿನ ಹೆಸರನ್ನೇ ಇಟ್ಟರು. ಅಪರೂಪದ ಪರ್ವತ ಕಾಡುಗಳಿಗೆ ಎಲೆಭಕ್ಷಕ ಕೀಟಗಳಿಂದ ಒದಗುವ ಹಾನಿಗೆ ಇದು ಚೆನ್ನಾಗಿ ಅಧ್ಯಯನವಾದ ಉದಾಹರಣೆ.

ಈ ಲೇಖನದಲ್ಲಿ ದೇವದಾರು ಎಂದಷ್ಟೇ ಬರೆದಲ್ಲಿ ಸೀಡ್ರಸ್ ಲಿಬಾನಿ ಎಂದು ತಿಳಿಯಬೇಕು. ಕನ್ನಡ ಬೈಬಲಿನಲ್ಲಿ ಲೆಬನೋನಿನ ದೇವದಾರು ಎಂದು ಬರುವುದು ಈ ಮರವೇ. ಹಿಮಾಲಯದ ದೇವದಾರು ಇದರ ಹತ್ತಿರದ ಬಂಧು, ಆದರೆ ಬೇರೆ ಪ್ರಭೇದ. ದಕ್ಷಿಣ ಭಾರತದ ಕುರುಚಲು ಕಾಡುಗಳಲ್ಲಿ ದೇವದಾರಿ ಎಂದು ಕರೆಸಿಕೊಳ್ಳುವ ಗಿಡಕ್ಕೂ ಇವೆರಡಕ್ಕೂ ಸಂಬಂಧವಿಲ್ಲ. ಅದು ಶಂಕುಧಾರಿಯೇ ಅಲ್ಲ.

ಆಶ್ರಯ ಮರ ಮತ್ತು ನೆಲೆ

ದೇವದಾರು ಪೈನ್ ಕುಟುಂಬದ ನಿತ್ಯಹಸಿರು ಶಂಕುಧಾರಿ ಮರ. 40 ಮೀಟರ್‌ವರೆಗೂ ಬೆಳೆಯಬಲ್ಲುದು. ಎಳೆಯ ಮರ ಗೋಪುರದಂತೆ ಮೇಲಕ್ಕೆ ಏರುತ್ತದೆ. ವಯಸ್ಸಾದಂತೆ ತುದಿ ಚಪ್ಪಟೆಯಾಗಿ ಕೊಂಬೆಗಳು ಅಡ್ಡಕ್ಕೆ, ಅಂತಸ್ತು ಅಂತಸ್ತಾಗಿ ಹರಡುತ್ತವೆ. ಲೆಬನಾನಿನ ಧ್ವಜದ ನಡುವೆ ಇರುವುದು ಈ ಮರದ ಚಿತ್ರ. ಎಲೆಗಳು ಸೂಜಿಯಂತಿದ್ದು, ಉದ್ದ ಹೆಚ್ಚೆಂದರೆ ಮೂರು ಮೂರೂವರೆ ಸೆಂಟಿಮೀಟರ್. ಉದ್ದವಾಗಿ ಚಾಚುವ ಚಿಗುರುಗಳಲ್ಲಿ ಅವು ಒಂಟೊಂಟಿಯಾಗಿ, ಪಕ್ಕದ ಮೋಟು ಕಡ್ಡಿಗಳಲ್ಲಿ ಕುಚ್ಚು ಕುಚ್ಚಾಗಿ ಹುಟ್ಟುತ್ತವೆ. ಒಮ್ಮೆ ಹುಟ್ಟಿದ ಸೂಜಿ ಒಂದಕ್ಕಿಂತ ಹೆಚ್ಚು ವರ್ಷ ಮರದ ಮೇಲೆಯೇ ಉಳಿದು ಆಹಾರ ತಯಾರಿಸುತ್ತದೆ. ಹೀಗಾಗಿ ಒಂದು ವಸಂತದ ಚಿಗುರು ಹೋದರೆ ಅದರ ನಷ್ಟ ಆ ವರ್ಷಕ್ಕೇ ಮುಗಿಯುವುದಿಲ್ಲ.

ಈ ಮರದ ಅತಿ ದೊಡ್ಡ ಕಾಡುಗಳಿರುವುದು ಲೆಬನಾನಿನಲ್ಲಲ್ಲ, ಟರ್ಕಿಯ ಟಾರಸ್ ಪರ್ವತಗಳಲ್ಲಿ. ಸಿರಿಯಾದ ಕರಾವಳಿ ಬೆಟ್ಟಗಳಲ್ಲಿ ಸ್ವಲ್ಪ ಉಳಿದಿದೆ. ಲೆಬನಾನಿನಲ್ಲಿ ಎಲ್ಲ ಸೇರಿದರೂ ಸುಮಾರು 2,000 ಹೆಕ್ಟೇರ್, ಅದೂ ಒಂದಕ್ಕೊಂದು ದೂರವಿರುವ ತುಂಡುಗಳಲ್ಲಿ. ಹಡಗು, ಅರಮನೆ, ದೇವಾಲಯಗಳ ತೊಲೆಗಳಿಗಾಗಿ ಸಾವಿರಾರು ವರ್ಷ ಕಡಿದದ್ದರ ಫಲ ಇದು. ಕ್ರಿ.ಶ. ಎರಡನೆಯ ಶತಮಾನದಲ್ಲೇ ರೋಮ್ ಚಕ್ರವರ್ತಿ ಹೇಡ್ರಿಯನ್ ಇಲ್ಲಿನ ಬಂಡೆಗಳ ಮೇಲೆ ಶಾಸನ ಕೊರೆಯಿಸಿ ನಾಲ್ಕು ಜಾತಿಯ ಮರಗಳನ್ನು ಅರಸೊತ್ತಿಗೆಗೆ ಕಾದಿರಿಸಿದ್ದ. ಬಶರ್ರಿಯ ಪುರಾತನ ತೋಪಿಗೆ 1876ರಲ್ಲಿ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಹಣದಿಂದ ಆಡು ತಡೆಯುವ ಕಲ್ಲುಗೋಡೆ ಎದ್ದಿತು. ಆ ತೋಪು ಕದೀಶ ಕಣಿವೆಯೊಂದಿಗೆ 1998ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಶೂಫ್ ಸೀಮೆಯ ಬಾರೂಕ್, ಉತ್ತರದ ಎಹ್ದೆನ್, ಜಾಜ್ ಇವು ಇತರ ಮುಖ್ಯ ತಾಣಗಳು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಈ ಮರವನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದವೆಂದು ಗುರುತಿಸಿದೆ.

ಗರಗಸ ನೊಣದ ಮುಖ್ಯ ನೆಲೆ ತನ್ನೂರೀನ್ ಮತ್ತು ಹದತ್ ಅಲ್ ಜುಬ್ಬೆ ಊರುಗಳ ನಡುವಿನ ಕಾಡು. ಸಮುದ್ರ ಮಟ್ಟದಿಂದ ಸುಮಾರು 1,300ರಿಂದ 1,800 ಮೀಟರ್ ಎತ್ತರದಲ್ಲಿ, ಸುಣ್ಣಕಲ್ಲಿನ ಕಡಿದಾದ ಇಳಿಜಾರುಗಳಲ್ಲಿ ಇದು ಹರಡಿಕೊಂಡಿದೆ. ಇಲ್ಲಿ ಮಳೆಗಿಂತ ಹಿಮ ಮುಖ್ಯ. ಚಳಿಗಾಲದಲ್ಲಿ ಬಿದ್ದ ಹಿಮ ವಸಂತದಲ್ಲಿ ನಿಧಾನವಾಗಿ ಕರಗಿ, ಬಿರುಕು ಬಿಟ್ಟ ಸುಣ್ಣಕಲ್ಲಿನೊಳಗೆ ಇಂಗಿ, ಮಳೆಯೇ ಇಲ್ಲದ ಬೇಸಿಗೆಯಲ್ಲಿ ಬೇರುಗಳಿಗೆ ತೇವ ಒದಗಿಸುತ್ತದೆ. ಈ ಕಾಡು 1999ರಲ್ಲಿ ಕಾನೂನಿನ ಮೂಲಕ ಸಂರಕ್ಷಿತ ಪ್ರದೇಶವಾಯಿತು.

ವರ್ಗೀಕರಣ ಮತ್ತು ಗುರುತು

ನೊಣ ಎಂದು ಕರೆದರೂ ಗರಗಸ ನೊಣಗಳು ನಿಜವಾದ ನೊಣಗಳಲ್ಲ. ನೊಣಕ್ಕೆ ಒಂದೇ ಜೊತೆ ರೆಕ್ಕೆ, ಇವಕ್ಕೆ ಎರಡು ಜೊತೆ. ಕಣಜಗಳಿಗೆ ಇರುವ ಸಣ್ಣ ನಡು ಇವಕ್ಕಿಲ್ಲ, ಎದೆ ಮತ್ತು ಹೊಟ್ಟೆ ಒಂದೇ ಅಗಲದಲ್ಲಿ ಕೂಡಿರುತ್ತವೆ. ಕುಟುಕುವ ಮುಳ್ಳೂ ಇಲ್ಲ. ಹೆಣ್ಣಿನ ಮೊಟ್ಟೆಯಿಡುವ ಅಂಗಕ್ಕೆ ಗರಗಸದ ಹಲ್ಲುಗಳಿರುವುದರಿಂದ ಈ ಹೆಸರು. ಕರ್ನಾಟಕದ ರೈತರಿಗೆ ಪರಿಚಿತವಾದ ಗರಗಸ ನೊಣವೆಂದರೆ ಸಾಸಿವೆ, ಮೂಲಂಗಿಗಳ ಎಲೆ ತಿನ್ನುವ ಕಪ್ಪು ಮರಿಹುಳುವಿನದು. ಅದು ಬೇರೆ ಕುಟುಂಬಕ್ಕೆ ಸೇರಿದ್ದು.

ಪ್ಯಾಂಫಿಲಿಯಿಡೆ ಕುಟುಂಬದ ಮರಿಹುಳುಗಳು ಬಲೆ ನೇಯುತ್ತವೆ. ಚಿಟ್ಟೆ ಪತಂಗಗಳ ಮರಿಹುಳುಗಳಿಗೂ ಬೇರೆ ಗರಗಸ ನೊಣಗಳ ಮರಿಹುಳುಗಳಿಗೂ ಹೊಟ್ಟೆಯ ಕೆಳಗೆ ಮೆತ್ತನೆಯ ಮಿಥ್ಯಪಾದಗಳಿರುತ್ತವೆ. ಈ ಕುಟುಂಬದಲ್ಲಿ ಅವು ಇಲ್ಲ. ಬರಿಯ ಕಡ್ಡಿಯ ಮೇಲೆ ಬಿಟ್ಟರೆ ಮರಿಹುಳು ಸರಿಯಾಗಿ ತೆವಳಲಾರದು, ಆದರೆ ತಾನೇ ಹೆಣೆದ ರೇಷ್ಮೆ ನೂಲಿನ ಕೊಳವೆಯೊಳಗೆ ಮುಂದಕ್ಕೂ ಹಿಂದಕ್ಕೂ ಸರಾಗವಾಗಿ ಜಾರುತ್ತದೆ. ಪ್ರೌಢ ಕೀಟ ಚಪ್ಪಟೆ ಮೈಯದು, ದೊಡ್ಡ ತಲೆ, ದಾರದಂಥ ಉದ್ದ ಮೀಸೆ, ಸುಮಾರು ಒಂದು ಸೆಂಟಿಮೀಟರ್ ಗಾತ್ರ.

ಸೆಫಾಲ್ಸಿಯ ಜಾತಿಯ ಇತರ ಪ್ರಭೇದಗಳು ಯುರೋಪು, ಏಷ್ಯಾ, ಉತ್ತರ ಅಮೆರಿಕಗಳಲ್ಲಿ ಸ್ಪ್ರೂಸ್, ಲಾರ್ಚ್, ಪೈನ್ ಮರಗಳನ್ನು ಆಶ್ರಯಿಸಿವೆ.

ಜೀವನಚಕ್ರ

ವರ್ಷದ ಬಹುಭಾಗ ಈ ಕೀಟ ಕಣ್ಣಿಗೆ ಬೀಳುವುದಿಲ್ಲ. ನೆಲದ ಮೇಲಿನ ಬದುಕೆಲ್ಲ ಏಪ್ರಿಲ್ ಕೊನೆಯಿಂದ ಜುಲೈವರೆಗಿನ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ.

ಹಿಮ ಕರಗಿ ಮಣ್ಣು ಬೆಚ್ಚಗಾಗುತ್ತಿದ್ದಂತೆ ಪ್ರೌಢ ಕೀಟಗಳು ನೆಲದಿಂದ ಮೇಲೆ ಬರುತ್ತವೆ. ಹೆಣ್ಣು ಹೊರಸೂಸುವ ವಾಸನೆಯ ಜಾಡು ಹಿಡಿದು ಗಂಡುಗಳು ಹಾರಿಬರುತ್ತವೆ ಎಂಬುದನ್ನು ಲೆಬನಾನ್ ಮತ್ತು ಫ್ರಾನ್ಸಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಹೈಮೆನಾಪ್ಟೆರ ಗಣದ ಸಾಮಾನ್ಯ ನಿಯಮದಂತೆ, ಗಂಡಿನ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಗಳೂ ಒಡೆಯುತ್ತವೆ, ಅವುಗಳಿಂದ ಗಂಡು ಸಂತತಿ ಮಾತ್ರ ಬರುತ್ತದೆ. ಪ್ರೌಢ ಕೀಟದ ಆಯುಸ್ಸು ಅಲ್ಪ.

ಮೊಟ್ಟೆಯಿಡುವ ಹೊತ್ತು ಬಹಳ ಮುಖ್ಯ. ಹೆಣ್ಣು ಆಗಷ್ಟೇ ಬಿಚ್ಚಿಕೊಂಡ ಮೊಗ್ಗಿನ ಎಳೆಸೂಜಿಗಳನ್ನೇ ಹುಡುಕುತ್ತದೆ. ಹಳೆಯ ಸೂಜಿ ಗಡುಸು, ಅಂಟಿನಂಥ ರಾಳ ಹೆಚ್ಚು, ಆಗ ಹುಟ್ಟಿದ ಮರಿಗೆ ಅದು ದಕ್ಕುವುದಿಲ್ಲ. ಮೊಗ್ಗು ಬಿಚ್ಚುವ ಮೊದಲೇ ಕೀಟ ಹೊರಬಂದರೆ ಮೊಟ್ಟೆಗೆ ಜಾಗವಿಲ್ಲ. ತೀರ ತಡವಾಗಿ ಬಂದರೆ ಸೂಜಿ ಬಲಿತಿರುತ್ತದೆ. ಮೊಗ್ಗು ಬಿಚ್ಚುವುದೂ ಕೀಟ ಹೊರಬರುವುದೂ ಕೂಡಿಬಂದ ವರ್ಷ ಸಂತತಿ ಒಮ್ಮೆಗೇ ಏರುತ್ತದೆ. ಎತ್ತರ, ಇಳಿಜಾರಿನ ದಿಕ್ಕು, ಮರದಿಂದ ಮರಕ್ಕಿರುವ ವ್ಯತ್ಯಾಸ ಇವುಗಳಿಂದಾಗಿ ಒಂದೇ ಕಾಡಿನಲ್ಲೂ ಮೊಗ್ಗು ಬಿಚ್ಚುವ ದಿನ ಬೇರೆ ಬೇರೆಯಾಗಿರುತ್ತದೆ. ಪಕ್ಕಪಕ್ಕದ ಎರಡು ಮರಗಳಲ್ಲಿ ಒಂದು ಬೋಳಾಗಿ ಇನ್ನೊಂದು ಹಸಿರಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ಮೊಟ್ಟೆಯಿಂದ ಹೊರಬಂದ ಮರಿಹುಳು ಸೂಜಿಗಳ ಕುಚ್ಚಿನ ಬುಡದಲ್ಲಿ ನೂಲು ಸುತ್ತಿ ಗೂಡು ಮಾಡಿಕೊಳ್ಳುತ್ತದೆ. ಸೂಜಿಯನ್ನು ಬುಡದಲ್ಲೇ ಕತ್ತರಿಸಿ ಕೊಳವೆಯೊಳಕ್ಕೆ ಎಳೆದುಕೊಂಡು ತಿನ್ನುತ್ತದೆ. ತಿಂದುಳಿದ ಚೂರು, ಹಿಕ್ಕೆ, ಕಳಚಿದ ಪೊರೆ ಎಲ್ಲ ನೂಲಿಗೆ ಅಂಟಿಕೊಂಡು ಕಂದು ಬಣ್ಣದ ಕಸದ ಗಂಟಿನಂತೆ ಕಾಣುತ್ತವೆ. ಹತ್ತಿರದಿಂದ ನೋಡುವವರಿಗೆ ಕೀಟದ ಇರವನ್ನು ಮೊದಲು ತಿಳಿಸುವುದು ಈ ಗಂಟು. ಹಲವು ಸಲ ಪೊರೆ ಬಿಟ್ಟು ಬಲಿತ ಮೇಲೆ ಮರಿಹುಳು ತಿನ್ನುವುದನ್ನು ನಿಲ್ಲಿಸಿ ನೆಲಕ್ಕೆ ಬೀಳುತ್ತದೆ. ಜುಲೈ ನಡುವಿನ ಹೊತ್ತಿಗೆ ಮರಗಳ ಮೇಲೆ ಕೀಟ ಉಳಿದಿರುವುದಿಲ್ಲ.

ನೆಲದೊಳಗಿನ ಸುಪ್ತಾವಸ್ಥೆ

ನೆಲಕ್ಕೆ ಬಿದ್ದ ಮರಿಹುಳು ಉದುರೆಲೆಯ ಪದರವನ್ನು ದಾಟಿ ಮಣ್ಣಿನೊಳಕ್ಕೆ ಕೊರೆದು ಇಳಿಯುತ್ತದೆ. ಅಲ್ಲಿ ಮೈಯಿಂದ ಒತ್ತಿ ಗೋಡೆ ನುಣುಪು ಮಾಡಿದ ಒಂದು ಸಣ್ಣ ಮಣ್ಣಿನ ಕೋಣೆ ಕಟ್ಟಿಕೊಂಡು, ಬಾಗಿ ಮಲಗುತ್ತದೆ. ಈ ಕೋಣೆಗೆ ನೂಲಿನ ಹೊದಿಕೆ ಇರುವುದಿಲ್ಲ. ತಿನ್ನುವುದು ಮುಗಿದಿದ್ದು ಇನ್ನೂ ಕೋಶವಾಗದ ಈ ಸ್ಥಿತಿಗೆ ಕೋಶಪೂರ್ವ ಹಂತ ಎಂದು ಹೆಸರು. ಈ ಕೀಟದ ಬಾಧೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ಔಷಧಿ ಹೊಡೆದರೂ ಏಕೆ ಮರುಕಳಿಸುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವೆಲ್ಲ ಮರದ ಮೇಲೆ ಸಿಗದೆ ಈ ಹಂತದಲ್ಲಿ ಸಿಗುತ್ತದೆ.

ಕೋಶಪೂರ್ವ ಹಂತದಲ್ಲಿ ಎರಡು ಅವಸ್ಥೆಗಳನ್ನು ಗುರುತಿಸುತ್ತಾರೆ. ಮೊದಲನೆಯದರಲ್ಲಿ ಹುಳು ಸಂಪೂರ್ಣ ಸುಪ್ತ, ಅದರ ತಲೆಯಲ್ಲಿ ಮರಿಹುಳುವಿನ ಚುಕ್ಕೆಗಣ್ಣು ಮಾತ್ರ ಇರುತ್ತದೆ. ಎರಡನೆಯದರಲ್ಲಿ ಚರ್ಮದ ಒಳಗಡೆ ಮುಂದೆ ಪ್ರೌಢ ಕೀಟದ ಕಣ್ಣಾಗುವ ಭಾಗ ಕಪ್ಪು ಮಚ್ಚೆಯಾಗಿ ಹೊರಗಿನಿಂದಲೇ ಕಾಣತೊಡಗುತ್ತದೆ. ಇದನ್ನು ಕೋಶಗಣ್ಣು ಎನ್ನಬಹುದು. ಶರತ್ಕಾಲದಲ್ಲಿ ಕೋಶಗಣ್ಣು ಮೂಡಿದ ಹುಳು ಬರುವ ವಸಂತದಲ್ಲಿ ಕೋಶವಾಗಿ, ಪ್ರೌಢವಾಗಿ ಮೇಲೆ ಬರುತ್ತದೆ. ಮೂಡದ ಹುಳು ಇನ್ನೊಂದು ವರ್ಷ, ಕೆಲವೊಮ್ಮೆ ಎರಡು ಮೂರು ವರ್ಷ, ಅಲ್ಲೇ ಮಲಗಿರುತ್ತದೆ. ಹೀಗೆ ಯಾವುದೇ ಒಂದು ಹೊತ್ತಿನಲ್ಲಿ ಮಣ್ಣಿನೊಳಗೆ ಬೇರೆ ಬೇರೆ ವರ್ಷ ಇಳಿದ ಪೀಳಿಗೆಗಳು ಒಟ್ಟಿಗೇ ಇರುತ್ತವೆ.

ಮುನ್ಸೂಚನೆಗೆ ಬಳಸುವ ವಿಧಾನವೂ ಇದನ್ನೇ ಆಧರಿಸಿದೆ. ಮರದ ಕೆಳಗೆ ಒಂದು ಚೌಕ ಗುರುತಿಸಿ, ಮಣ್ಣನ್ನು ಪದರ ಪದರವಾಗಿ ಅಗೆದು ಜರಡಿ ಹಿಡಿದು, ಸಿಕ್ಕ ಹುಳುಗಳಲ್ಲಿ ಕೋಶಗಣ್ಣು ಇರುವವೆಷ್ಟು, ಇಲ್ಲದವೆಷ್ಟು ಎಂದು ಎಣಿಸುತ್ತಾರೆ. ಮೊದಲ ಗುಂಪು ಮುಂದಿನ ವರ್ಷದ ಲೆಕ್ಕ, ಎರಡನೆಯದು ಅದರಾಚೆಯದು. ಸುಣ್ಣಕಲ್ಲಿನ ಬಿರುಕುಗಳ ನಡುವೆ ಮಣ್ಣು ಎಲ್ಲೆಡೆ ಒಂದೇ ಆಳದಲ್ಲಿ ಇಲ್ಲದ ಕಾರಣ ಇದು ನಿಧಾನದ ಕೆಲಸ.

ಬಾಧೆಯ ಸ್ವರೂಪ

ಬಾಧೆಗೊಳಗಾದ ಮರ ದೂರಕ್ಕೆ ಬೆಂಕಿ ತಾಗಿದಂತೆ ಕಾಣುತ್ತದೆ. ವಸಂತದ ತಿಳಿಹಸಿರು ಇರಬೇಕಾದಲ್ಲಿ ಕೆಂಗಂದು ಬಣ್ಣ ಹರಡಿರುತ್ತದೆ. ಹೊಸ ಸೂಜಿಗಳೇ ಮೊದಲು ಹೋಗುತ್ತವೆ. ಕೀಟದ ಸಂಖ್ಯೆ ತೀರ ಹೆಚ್ಚಿದಾಗ ಮಾತ್ರ ಹಾನಿ ಇಡೀ ಕೊಂಬೆಗೆ ವ್ಯಾಪಿಸುತ್ತದೆ.

ಒಂದು ವರ್ಷದ ಹಾನಿಯಿಂದ ಬಲಿತ ದೇವದಾರು ಸಾಯುವುದು ಅಪರೂಪ. ಹಳೆಯ ಸೂಜಿಗಳು ಸ್ವಲ್ಪಮಟ್ಟಿಗೆ ಕೆಲಸ ಮುಂದುವರಿಸುತ್ತವೆ, ಕೂಡಿಟ್ಟ ಪಿಷ್ಟವೂ ಇರುತ್ತದೆ. ಎರಡು ಮೂರು ವರ್ಷ ಸತತವಾಗಿ ಚಿಗುರು ಹೋದಾಗ ಹಳೆಯ ಸೂಜಿಗಳು ತಮ್ಮ ಕಾಲ ಮುಗಿಸಿ ಉದುರುತ್ತವೆ, ಜಾಗ ತುಂಬಲು ಹೊಸವು ಇರುವುದಿಲ್ಲ. ಬೆಳವಣಿಗೆಯ ಉಂಗುರ ಕಿರಿದಾಗುತ್ತದೆ, ಕೊಂಬೆಗಳು ತುದಿಯಿಂದ ಒಣಗುತ್ತ ಬರುತ್ತವೆ, ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ದೇವದಾರುವಿನಲ್ಲಿ ಈ ಕೊನೆಯದನ್ನು ಲಘುವಾಗಿ ಎಣಿಸುವಂತಿಲ್ಲ. ಮರ ಕಾಯಿ ಬಿಡಲು ಶುರುಮಾಡುವುದಕ್ಕೇ ದಶಕಗಳು ಬೇಕು, ಹೂವಿನಿಂದ ಬೀಜ ಉದುರುವವರೆಗೆ ಎರಡು ವರ್ಷದಷ್ಟು ಕಾಲ ಹಿಡಿಯುತ್ತದೆ. ಸೊರಗಿದ ಮರಕ್ಕೆ ತೊಗಟೆಯಡಿ ಕೊರೆಯುವ ದುಂಬಿಗಳು ಸೇರಿಕೊಳ್ಳುತ್ತವೆ. ಮರದ ಸಾವಿಗೆ ಕೊನೆಯ ಏಟು ಬಹಳ ಸಲ ಅವುಗಳದೇ. ಹಾಗಾಗಿ ಒಣಗಿದ ಮರಗಳ ಎಣಿಕೆಯನ್ನೆಲ್ಲ ಒಂದೇ ಕೀಟದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಬರ, ತೊಗಟೆ ದುಂಬಿ, ಗರಗಸ ನೊಣ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

ಹಾವಳಿಯ ಇತಿಹಾಸ

ತನ್ನೂರೀನಿನ ಮರಗಳು ಕಂದುಬಣ್ಣಕ್ಕೆ ತಿರುಗಿದ್ದು 1990ರ ದಶಕದ ಉತ್ತರಾರ್ಧದಲ್ಲಿ ಗಮನಕ್ಕೆ ಬಂತು. ಹದಿನೈದು ವರ್ಷದ ಅಂತರ್ಯುದ್ಧ 1990ರಲ್ಲಿ ಮುಗಿದು ಅರಣ್ಯ ಆಡಳಿತ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ಕೀಟ ಯಾವುದೆಂದು ತಿಳಿಯದೆ ಹತೋಟಿ ಯೋಚಿಸುವುದು ಸಾಧ್ಯವಿರಲಿಲ್ಲ. ಹಾನಿ ಮಾಡುತ್ತಿರುವುದು ಪತಂಗದ ಮರಿಹುಳುವಲ್ಲ, ಬಲೆ ನೇಯುವ ಗರಗಸ ನೊಣ ಎಂದು ಸ್ಪಷ್ಟವಾದ ಮೇಲೆ ಲೆಬನಾನ್ ಸರ್ಕಾರ, ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕೈಜೋಡಿಸಿದವು. ಲೆಬನಾನಿನ ಕೀಟವಿಜ್ಞಾನಿ ನಬೀಲ್ ನೆಮರ್ ಮತ್ತು ಅವರ ಸಹೋದ್ಯೋಗಿಗಳ ದೀರ್ಘಕಾಲದ ಕೆಲಸದಿಂದ ಕೀಟದ ಜೀವನಚಕ್ರದ ವಿವರಗಳು ತಿಳಿದುಬಂದವು.

ಈ ಕೀಟ ಹೊರಗಿನಿಂದ ಬಂದದ್ದು ಎಂಬುದಕ್ಕೆ ಆಧಾರವಿಲ್ಲ. ಬೇರೆ ಯಾವ ದೇಶದಿಂದಲೂ ಮೊದಲು ವರದಿಯಾಗದೆ, ಈ ಮರಕ್ಕೆ ಹೊಂದಿಕೊಂಡೇ ಬದುಕುವ ಪ್ರಭೇದವಾದ್ದರಿಂದ, ಅಲ್ಪ ಸಂಖ್ಯೆಯಲ್ಲಿ ಮೊದಲಿನಿಂದಲೂ ಅಲ್ಲೇ ಇದ್ದು ಅನುಕೂಲ ಕೂಡಿಬಂದಾಗ ಹೆಚ್ಚಿತು ಎಂಬ ವಿವರಣೆ ಒಪ್ಪಿತವಾಗಿದೆ. ಮುಂದಿನ ವರ್ಷಗಳಲ್ಲಿ ಉತ್ತರ ಲೆಬನಾನಿನ ಇತರ ದೇವದಾರು ತಾಣಗಳಲ್ಲೂ ಬಾಧೆ ಕಾಣಿಸಿತು.

ಹವಾಮಾನದ ಪಾತ್ರ

ಹಾವಳಿ ಕಾಣಿಸಿಕೊಂಡದ್ದು ಬೇಸಿಗೆ ಬಿಸಿಯೇರಿದ, ಹಿಮ ಕಡಿಮೆ ಬಿದ್ದ, ಮಣ್ಣು ಬೇಗ ಒಣಗಿದ ವರ್ಷಗಳ ಬೆನ್ನಿಗೆ. ಹಿಮ ದಪ್ಪವಾಗಿ, ತಡವಾಗಿ ಕರಗಿದರೆ ಮಣ್ಣು ತಣ್ಣಗಿರುತ್ತದೆ, ತೇವವಾಗಿರುತ್ತದೆ, ಹೆಚ್ಚಿನ ಹುಳುಗಳು ಸುಪ್ತಾವಸ್ಥೆಯಲ್ಲೇ ಉಳಿಯುತ್ತವೆ. ಒಂದು ಪೀಳಿಗೆ ಮೂರು ನಾಲ್ಕು ವರ್ಷಗಳಲ್ಲಿ ಹಂಚಿಕೊಂಡು ಹೊರಬರುವುದರಿಂದ ಯಾವ ಒಂದು ವರ್ಷವೂ ಮರಕ್ಕೆ ಮಿತಿಮೀರಿದ ಹೊರೆ ಬೀಳುವುದಿಲ್ಲ. ಮಣ್ಣು ಬೆಚ್ಚಗಾಗಿ ಒಣಗಿದಾಗ ಕೋಶಗಣ್ಣು ಮೂಡುವ ಹುಳುಗಳ ಪಾಲು ಏರುತ್ತದೆ. ಹಂಚಿಹೋಗಬೇಕಾದದ್ದು ಒಟ್ಟಿಗೆ ಹೊರಬರುತ್ತದೆ, ವರ್ಷ ಬಿಟ್ಟು ವರ್ಷವಲ್ಲದೆ ಪ್ರತಿವರ್ಷವೂ ಬರತೊಡಗುತ್ತದೆ. ಅದೇ ಬರದಿಂದ ಮರವೂ ಸೊರಗಿರುತ್ತದೆ.

ಇಂಥ ಸಂಬಂಧ ಲೆಬನಾನಿಗಷ್ಟೇ ಸೀಮಿತವಲ್ಲ. ಇಟಲಿಯ ಆಲ್ಪ್ಸ್ ತಪ್ಪಲಿನ ಕಾನ್ಸಿಲಿಯೊ ಕಾಡಿನಲ್ಲಿ 1980ರ ದಶಕದ ಮಧ್ಯದಿಂದ ಸೆಫಾಲ್ಸಿಯ ಆರ್ವೆನ್ಸಿಸ್ ಎಂಬ ಪ್ರಭೇದ ಸ್ಪ್ರೂಸ್ ಮರಗಳನ್ನು ಬೋಳುಮಾಡಿತು. ಪಾದುವಾ ವಿಶ್ವವಿದ್ಯಾಲಯದ ಆಂದ್ರೆಯಾ ಬತ್ತಿಸ್ತಿ ಮತ್ತು ಸಂಗಡಿಗರು ಅಲ್ಲಿ ಬೇಸಿಗೆಯ ಮಣ್ಣಿನ ಉಷ್ಣತೆಗೂ ಸುಪ್ತಾವಸ್ಥೆ ಮುರಿಯುವುದಕ್ಕೂ ಇರುವ ನಂಟನ್ನು ಅಳೆದು ತೋರಿಸಿದರು. ಲೆಬನಾನಿನ ಕೀಟವನ್ನು ಅರ್ಥಮಾಡಿಕೊಳ್ಳಲು ಈ ಕೆಲಸ ಮಾದರಿಯಾಯಿತು.

ಹತೋಟಿ

ಮೊದಲು ಕೈಗೊಂಡ ಕ್ರಮ ವಿಮಾನ ಸಿಂಪಡಣೆ. 1999ರಿಂದ ಕೆಲವು ವರ್ಷ ಹೆಲಿಕಾಪ್ಟರ್ ಮೂಲಕ ತನ್ನೂರೀನ್ ಕಾಡಿನ ಮೇಲೆ ಡೈಫ್ಲುಬೆಂಜುರಾನ್ ಸಿಂಪಡಿಸಲಾಯಿತು. ಇದು ನರಮಂಡಲಕ್ಕೆ ತಾಗುವ ವಿಷವಲ್ಲ. ಎಲೆಯೊಂದಿಗೆ ಹೊಟ್ಟೆ ಸೇರಿದ ಈ ರಾಸಾಯನಿಕ ಕೀಟದ ಹೊರಕವಚದ ಕೈಟಿನ್ ತಯಾರಾಗದಂತೆ ತಡೆಯುತ್ತದೆ, ಮರಿಹುಳು ಮುಂದಿನ ಪೊರೆ ಬಿಡುವಾಗ ಸಾಯುತ್ತದೆ. ಬೆನ್ನೆಲುಬಿನ ಪ್ರಾಣಿಗಳಿಗೆ ಅಪಾಯ ಕಡಿಮೆ, ಆದರೆ ಪೊರೆ ಬಿಡುವ ಇತರ ಕೀಟಗಳನ್ನೂ ನೀರಿನ ಸಣ್ಣ ಕಠಿಣಚರ್ಮಿಗಳನ್ನೂ ಬಾಧಿಸುತ್ತದೆ. ಸಂರಕ್ಷಿತ ಕಾಡಿನಲ್ಲಿ ಇದು ಸಣ್ಣ ತೊಡಕಲ್ಲ.

ಸಿಂಪಡಣೆಯಿಂದ ಕೀಟದ ಸಂಖ್ಯೆ ಇಳಿಯಿತು, ಆದರೆ ಇಲ್ಲವಾಗಲಿಲ್ಲ. ಔಷಧಿ ತಲುಪುವುದು ಆ ವರ್ಷ ಮರದ ಮೇಲಿರುವ ಮರಿಹುಳುಗಳಿಗೆ ಮಾತ್ರ. ಮಣ್ಣಿನೊಳಗೆ ಮಲಗಿದ ಹಿಂದಿನ ವರ್ಷಗಳ ಪೀಳಿಗೆಗಳಿಗೆ ಅದು ಸೋಕುವುದೇ ಇಲ್ಲ. ಒಂದೇ ವರ್ಷ ಹೊಡೆದು ಬಿಟ್ಟರೆ ಮರುವರ್ಷ ಬೇರೊಂದು ಪಾಲು ಎದ್ದುಬರುತ್ತದೆ. ಜೊತೆಗೆ, ಮೊಟ್ಟೆ ಒಡೆದು ಮರಿಹುಳು ತಿನ್ನತೊಡಗುವುದಕ್ಕೂ ಕೆಳಗಿಳಿಯುವುದಕ್ಕೂ ನಡುವಿನ ಅಲ್ಪಾವಧಿಯಲ್ಲೇ ಸಿಂಪಡಿಸಬೇಕು.

ಪತಂಗದ ಮರಿಹುಳುಗಳಿಗೆ ಕಾಡುಗಳಲ್ಲಿ ಬಳಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್ಸ್ತಾಕಿ ಎಂಬ ಬ್ಯಾಕ್ಟೀರಿಯಾ ಇಲ್ಲಿ ನಿರುಪಯುಕ್ತ. ಅದರ ವಿಷ ಚಿಟ್ಟೆ ಪತಂಗಗಳ ಕರುಳಿಗೆ ತಕ್ಕದ್ದು, ಗರಗಸ ನೊಣದ ಮೇಲೆ ಪರಿಣಾಮ ಬೀರುವುದಿಲ್ಲ. ಮರಿಹುಳು ಯಾವ ಗಣದ್ದು ಎಂದು ಮೊದಲೇ ಗುರುತಿಸಬೇಕಾದದ್ದು ಇದಕ್ಕಾಗಿಯೇ.

ಜೈವಿಕ ಹತೋಟಿಯ ಸಂಶೋಧನೆ ಮಣ್ಣಿನತ್ತ ತಿರುಗಿತು. ಬ್ಯೂವೇರಿಯ ಬ್ಯಾಸಿಯಾನ ಎಂಬ ಕೀಟರೋಗಕಾರಕ ಶಿಲೀಂಧ್ರವನ್ನು ಆ ಕಾಡಿನಿಂದಲೇ ಪ್ರತ್ಯೇಕಿಸಿ ಗರಗಸ ನೊಣದ ಮೇಲೆ ಪರೀಕ್ಷಿಸಿದ ಫಲಿತಾಂಶಗಳು 2008ರಲ್ಲಿ ಪ್ರಕಟವಾದವು. ಶಿಲೀಂಧ್ರದ ಬೀಜಕಣ ಹುಳುವಿನ ಚರ್ಮಕ್ಕೆ ಅಂಟಿ, ಮೊಳೆತು, ಒಳಗೆ ಬೆಳೆದು ಕೊಲ್ಲುತ್ತದೆ. ಸತ್ತ ಹುಳುವಿನ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ಕಾಯಿಕೊರಕದ ವಿರುದ್ಧ ಬಳಸುವುದೂ ಇದೇ ಪ್ರಭೇದದ ಶಿಲೀಂಧ್ರವನ್ನು. ಮಣ್ಣಿನಲ್ಲಿ ಹುಳುವನ್ನು ಹುಡುಕಿ ಒಳಹೊಕ್ಕು ಕೊಲ್ಲುವ ನೆಮಟೋಡ್‌ಗಳ ಅಧ್ಯಯನವೂ ನಡೆದಿದೆ. ಕರಾವಳಿ ಮಲೆನಾಡುಗಳ ಅಡಿಕೆ ತೋಟದ ಬೇರುಹುಳುವಿಗೆ ಇಂಥವುಗಳ ಬಂಧುಗಳನ್ನು ಶಿಫಾರಸು ಮಾಡಿರುವುದುಂಟು. ಶಿಲೀಂಧ್ರ, ನೆಮಟೋಡ್ ಎರಡಕ್ಕೂ ತೇವ ಬೇಕು. ಕೀಟಕ್ಕೆ ಅನುಕೂಲವಾದ ಒಣ ವರ್ಷಗಳಲ್ಲಿ ಅದರ ಈ ಶತ್ರುಗಳು ದುರ್ಬಲವಾಗುತ್ತವೆ. ತೋಟಕ್ಕೆ ನೀರು ಹಾಯಿಸಬಹುದು, 1,500 ಮೀಟರ್ ಎತ್ತರದ ಸುಣ್ಣಕಲ್ಲಿನ ಇಳಿಜಾರಿಗೆ ಸಾಧ್ಯವಿಲ್ಲ.

ಹೆಣ್ಣಿನ ವಾಸನೆಯನ್ನು ಬಳಸಿ ಗಂಡುಗಳನ್ನು ಹಿಡಿಯುವ ಮೋಹಕ ಬಲೆಗಳಿಂದ ಕೀಟ ಹೊರಬರುವ ದಿನವನ್ನು ತಿಳಿಯಬಹುದೆಂಬ ಆಲೋಚನೆ ಇದೆ. ಗಂಡಿಲ್ಲದೆಯೂ ಮೊಟ್ಟೆ ಒಡೆಯುವುದರಿಂದ, ಗಂಡುಗಳನ್ನು ಹಿಡಿದೇ ಸಂತತಿಯನ್ನು ನಿಲ್ಲಿಸುವುದು ಕಷ್ಟ.

ದೇವದಾರುವಿನ ಇತರ ಎಲೆಭಕ್ಷಕಗಳು

ಲೆಬನಾನಿನ ದೇವದಾರುಗಳ ಮೇಲೆ ಮೆರವಣಿಗೆ ಪತಂಗಗಳ ಗುಂಪಿಗೆ ಸೇರಿದ ತೌಮೆಟೊಪಿಯ ಲಿಬನೋಟಿಕ ಎಂಬ ಪ್ರಭೇದ 1975ರಲ್ಲಿ ವರ್ಣಿತವಾಯಿತು. ಟರ್ಕಿಯ ಇಸ್ಪಾರ್ಟ ಸೀಮೆಯಲ್ಲಿ ಇದರ ಬಂಧು ತೌಮೆಟೊಪಿಯ ಇಸ್ಪಾರ್ಟಾಎನ್ಸಿಸ್ ಇದೆ. ಈ ಗುಂಪಿನ ಮರಿಹುಳುಗಳು ಒಂದರ ಹಿಂದೊಂದು ಸಾಲುಗಟ್ಟಿ ಸಾಗುತ್ತವೆ. ಅವುಗಳ ಸೂಕ್ಷ್ಮ ರೋಮಗಳು ಮನುಷ್ಯರ ಚರ್ಮ, ಕಣ್ಣುಗಳಿಗೆ ತೀವ್ರ ತುರಿಕೆ ಉಂಟುಮಾಡುತ್ತವೆ. ಟರ್ಕಿಯ ಕಾಡುಗಳಲ್ಲಿ ಎಳೆಸೂಜಿಗಳನ್ನು ತಿನ್ನುವ ಆಕ್ಲೆರಿಸ್ ಉಂಡುಲಾನ ಎಂಬ ಸಣ್ಣ ಪತಂಗವೂ ಮುಖ್ಯ ಪೀಡೆ. ಉತ್ತರ ಆಫ್ರಿಕದ ಅಟ್ಲಾಸ್ ದೇವದಾರುವಿಗೆ ಮೆರವಣಿಗೆ ಪತಂಗಗಳ ಬೇರೆ ಪ್ರಭೇದಗಳಿವೆ.

ಹಿಮಾಲಯದ ದೇವದಾರುವಿಗೆ ಎಕ್ಟ್ರೊಪಿಸ್ ದೇವದಾರೆ ಎಂಬ ಪತಂಗದ ಮರಿಹುಳು ಪ್ರಧಾನ ಶತ್ರು. ನಡೆಯುವಾಗ ಬೆನ್ನನ್ನು ಕಮಾನಿನಂತೆ ಎತ್ತುವ ಕೊಂಡಿಹುಳುಗಳ ಗುಂಪಿನದು. ಹಿಮಾಚಲ ಪ್ರದೇಶದಲ್ಲೂ ಕಾಶ್ಮೀರದ ಲೋಲಾಬ್ ಕಣಿವೆಯಲ್ಲೂ ಇದರ ಹಾವಳಿ ದಾಖಲಾಗಿದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಬ್ರಿಟಿಷರ ಕಾಲದಿಂದಲೂ ಇದನ್ನು ಅಧ್ಯಯನ ಮಾಡುತ್ತ ಬಂದಿದೆ. ಇದೂ ವಸಂತದ ಚಿಗುರನ್ನು ತಿಂದು, ಕೋಶವಾಗಿ ಮಣ್ಣಿನಲ್ಲಿ ಮರುವಸಂತದವರೆಗೆ ಕಾಯುತ್ತದೆ. ಹಿಮಾಲಯದ ದೇವದಾರು ವಿಶಾಲವಾಗಿ ಹರಡಿರುವುದರಿಂದ ಒಂದು ಕಣಿವೆಯ ಹಾನಿ ಪ್ರಭೇದಕ್ಕೇ ಕುತ್ತಾಗುವುದಿಲ್ಲ. ಲೆಬನಾನಿನಲ್ಲಿ ಪರಿಸ್ಥಿತಿ ಹಾಗಿಲ್ಲ.

ಇತರ ಪರ್ವತ ಕಾಡುಗಳು

ದಕ್ಷಿಣ ಸ್ಪೇನಿನ ಸಿಯೆರಾ ನೆವಾಡಾ ಪರ್ವತದಲ್ಲಿ ಹಿಮಯುಗದ ಉಳಿಕೆಯಾಗಿ ಸ್ಕಾಟ್ಸ್ ಪೈನ್ ಮರದ ಒಂದು ವಿಶಿಷ್ಟ ಬಗೆ ಸಣ್ಣ ತೋಪುಗಳಲ್ಲಿ ಬದುಕಿದೆ. ಪೈನ್ ಮೆರವಣಿಗೆ ಪತಂಗ ಅಲ್ಲಿನ ತಗ್ಗಿನ ಪೈನ್ ಮರಗಳಿಗಷ್ಟೇ ಸೀಮಿತವಾಗಿತ್ತು, ಮೇಲಿನ ಚಳಿ ಅದನ್ನು ತಡೆದಿತ್ತು. ಚಳಿಗಾಲ ಬೆಚ್ಚಗಾದಂತೆ ಅದು ಮೇಲೇರಿ ಈ ತೋಪುಗಳನ್ನು ತಲುಪಿದ್ದನ್ನು ಸ್ಪೇನಿನ ಸಂಶೋಧಕರು 2003ರಲ್ಲಿ ವರದಿ ಮಾಡಿದರು. ಈ ಮರಿಹುಳು ಚಳಿಗಾಲದ ರಾತ್ರಿಗಳಲ್ಲೇ ತಿನ್ನುತ್ತದೆ. ಹಗಲಲ್ಲಿ ಗೂಡಿನೊಳಗೆ 9 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಸಿಕ್ಕಿ, ರಾತ್ರಿ ಉಷ್ಣತೆ ಸೊನ್ನೆಗಿಂತ ಮೇಲಿದ್ದರೆ ಮಾತ್ರ ಹೊರಗೆ ಬಂದು ತಿನ್ನಬಲ್ಲುದು. 1975ರಿಂದ 2004ರ ನಡುವೆ ಇಟಲಿಯ ಆಲ್ಪ್ಸ್‌ನಲ್ಲಿ ಇದು 110ರಿಂದ 230 ಮೀಟರ್ ಮೇಲೇರಿದೆ.

ಸ್ವಿಟ್ಸರ್ಲೆಂಡಿನ ಎಂಗಡೀನ್ ಕಣಿವೆಯ ಲಾರ್ಚ್ ಮೊಗ್ಗುಪತಂಗದ್ದು ತದ್ವಿರುದ್ಧ ಪ್ರಕರಣ. ಸುಮಾರು ಎಂಟೊಂಬತ್ತು ವರ್ಷಕ್ಕೊಮ್ಮೆ ಅದು ಕಾಡನ್ನೆಲ್ಲ ಕಂದು ಮಾಡುತ್ತಿತ್ತು. ಹಳೆಯ ಮರಗಳ ಉಂಗುರಗಳಿಂದ ಸುಮಾರು 1,200 ವರ್ಷಗಳ ಹಾವಳಿಯ ದಾಖಲೆ ಸಿಕ್ಕಿದೆ. 1980ರ ದಶಕದಿಂದೀಚೆಗೆ ಆ ಆವರ್ತ ಕ್ಷೀಣಿಸಿತು, ಬಿಸಿಯೇರಿಕೆ ಅಲ್ಲಿ ಕೀಟಕ್ಕೆ ಪ್ರತಿಕೂಲವಾಯಿತು. ಲಾರ್ಚ್ ಪ್ರತಿವರ್ಷ ಎಲೆ ಉದುರಿಸುವ ಶಂಕುಧಾರಿಯಾದ್ದರಿಂದ ಅದೇ ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ. ದೇವದಾರುವಿಗೆ ಆ ಸೌಲಭ್ಯವಿಲ್ಲ. ಬೆಚ್ಚನೆಯ ಹವೆ ಎಲ್ಲ ಎಲೆಭಕ್ಷಕಗಳಿಗೂ ಒಂದೇ ರೀತಿ ಅನುಕೂಲ ಎಂಬ ಸಾಮಾನ್ಯ ಮಾತು ನಿಲ್ಲುವುದಿಲ್ಲ ಎಂಬುದಕ್ಕೆ ಈ ಎರಡು ಪರ್ವತಗಳೇ ಸಾಕು.

ಸದ್ಯದ ಸ್ಥಿತಿ

ಸಿಂಪಡಣೆಯ ವರ್ಷಗಳ ಬಳಿಕ ಗರಗಸ ನೊಣದ ಸಂಖ್ಯೆ ಇಳಿದರೂ ತನ್ನೂರೀನ್ ಮತ್ತು ಸುತ್ತಲಿನ ಕಾಡುಗಳಲ್ಲಿ ಅದು ನೆಲೆಸಿದೆ, ಅನುಕೂಲ ವರ್ಷಗಳಲ್ಲಿ ಮರುಕಳಿಸುತ್ತದೆ. 2018ರ ಸುಮಾರಿಗೆ ಒಣಗಿದ ದೇವದಾರುಗಳ ಚಿತ್ರಗಳು ವಿಶ್ವದ ಪತ್ರಿಕೆಗಳಲ್ಲಿ ಬಂದಾಗ ಈ ಕೀಟ ಮತ್ತೆ ಚರ್ಚೆಗೆ ಬಂತು. 2019ರಿಂದ ದೇಶವನ್ನು ಕಾಡಿದ ಆರ್ಥಿಕ ಕುಸಿತ, ಕಾಡಿನ ರಕ್ಷಣೆಯೂ ಅವಲಂಬಿಸಿರುವ ಸರ್ಕಾರಿ ವೆಚ್ಚಗಳನ್ನೆಲ್ಲ ಹಿಂಡಿದೆ.

ಹವೆ ಬೆಚ್ಚಗಾದಂತೆ ದೇವದಾರುವಿಗೆ ಒಗ್ಗುವ ಪಟ್ಟಿ ಬೆಟ್ಟದ ಮೇಲಕ್ಕೆ ಸರಿಯುತ್ತಿದೆ. ಲೆಬನಾನಿನ ಅತಿ ಎತ್ತರದ ಶಿಖರ ಕುರ್ನತ್ ಅಸ್ಸೌದಾ 3,088 ಮೀಟರ್ ಇದೆ. ಉತ್ತರದ ಆ ಶ್ರೇಣಿಯಲ್ಲಿ ಏರಲು ಜಾಗವುಂಟು. ಬಾರೂಕ್‌ನಂಥ ದಕ್ಷಿಣದ ಬೆಟ್ಟಗಳಲ್ಲಿ ಮರಗಳು ಈಗಾಗಲೇ ನೆತ್ತಿಯ ಹತ್ತಿರ ಇವೆ. ಎತ್ತರದ ಬೋಳು ಇಳಿಜಾರುಗಳಲ್ಲಿ ಸಸಿ ನೆಡುವ ಕೆಲಸ ಇದಕ್ಕಾಗಿಯೇ ನಡೆದಿದೆ. ನೆಟ್ಟ ಸಸಿ ಕಾಯಿ ಬಿಡುವ ಮರವಾಗಲು ಬೇಕಾದ ದಶಕಗಳ ಉದ್ದಕ್ಕೂ, ಹಳೆಯ ಕಾಡುಗಳಲ್ಲಿ ಪ್ರತಿ ಶರತ್ಕಾಲ ಮಣ್ಣು ಅಗೆದು ಕೋಶಗಣ್ಣು ಎಣಿಸುವುದೇ ಮುಂದಿನ ವಸಂತದ ಹಾನಿಯನ್ನು ಮೊದಲೇ ತಿಳಿಯಲು ಇರುವ ನೇರ ವಿಧಾನ.